ನಮ್ಮ ಪ್ರೌಢಶಾಲೆ ಯಾರಿಗಾಗಿ?



ವರ್ಷಕ್ಕೆ ಒಂದೆರಡು ಬಾರಿಯಾದರೂ ನನ್ನ ಮೇಜಿನ ಮೇಲೆ ಯಾವುದಾದರೊಂದು ಶಾಲೆಯ ಮಹೋತ್ಸವದ ಆಮಂತ್ರಣ ಪತ್ರಿಕೆ ಬಂದು ಕೂರುತ್ತದೆ. ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ವಜ್ರ ಮಹೋತ್ಸವ. ಕೆಲವೆಡೆ ಶತಮಾನೋತ್ಸವವೂ ಉಂಟು. ಅದರ ಬೆನ್ನಿಗೇ ಹೊಳಪು ಕಾಗದದ ಸ್ಮರಣ ಸಂಚಿಕೆ ಬರುತ್ತದೆ. ಅದರಲ್ಲಿ ‘ನಮ್ಮ ಶಾಲೆ ನಡೆದು ಬಂದ ದಾರಿ’ ಎಂಬ ಲೇಖನವೊಂದು ತಪ್ಪದೆ ಇರುತ್ತದೆ. ಇಂತಹ ವರ್ಷ ಸ್ಥಾಪನೆ, ಇಂತಹ ವರ್ಷ ಸರ್ಕಾರದ ಮಾನ್ಯತೆ, ಇಂತಹ ವರ್ಷ ಅನುದಾನ, ಇಂತಹ ವರ್ಷ ಎರಡನೆಯ ಮಹಡಿ, ಇಂತಹ ವರ್ಷ ಗಣಕಯಂತ್ರ ಕೊಠಡಿ. ಕೊನೆಯಲ್ಲಿ, ಕಾಲದ ಬೇಡಿಕೆಗೆ ಸ್ಪಂದಿಸಿ ಆಂಗ್ಲ ಮಾಧ್ಯಮ ವಿಭಾಗವನ್ನು ಆರಂಭಿಸಲಾಯಿತು ಎಂಬ ಒಂದು ವಾಕ್ಯ. ಅಷ್ಟಕ್ಕೆ ಚರಿತ್ರೆ ಮುಗಿಯುತ್ತದೆ. ಅದೇ ಆವರಣದಲ್ಲಿದ್ದ ಕನ್ನಡ ಮಾಧ್ಯಮದ ತರಗತಿಗಳು ಏನಾದವು, ಅಲ್ಲಿ ಓದುತ್ತಿದ್ದ ಮಕ್ಕಳು ಎಲ್ಲಿಗೆ ಹೋದರು ಎಂಬುದನ್ನು ಆ ಲೇಖನ ಹೇಳುವುದಿಲ್ಲ.

ನಾನು ಇಂದು ಬರೆಯುತ್ತಿರುವುದು ಆ ಹೇಳದೆ ಬಿಟ್ಟ ಮಾತನ್ನು. ಕೆಲವರಿಗೆ ಇದು ಕಹಿಯಾಗಿ ಕಾಣಬಹುದು. ಆದರೆ ಮನೆಯ ಮಾತನ್ನು ಮನೆಯ ಪತ್ರಿಕೆಯಲ್ಲೇ ಆಡದಿದ್ದರೆ ಮತ್ತೆಲ್ಲಿ ಆಡಬೇಕು?

ಮೊದಲು ಚರಿತ್ರೆಗೆ ಬರೋಣ. ನಮ್ಮ ನಾಡಿನಲ್ಲಿ ಕ್ರೈಸ್ತರು ಶಾಲೆ ತೆರೆದದ್ದು ಹೇಗೆ? ಬಾಸೆಲ್ ಮಿಷನ್ನಿನ ಪ್ರೊಟೆಸ್ಟಂಟ್ ಸಹೋದರರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಎರಡೇ ವರ್ಷಗಳಲ್ಲಿ, ಅಂದರೆ 1836ರಲ್ಲಿ, ಅಲ್ಲಿ ಕನ್ನಡ ಶಾಲೆಯನ್ನು ತೆರೆದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಅದೇ ಮಿಷನ್ನಿನ ಮೋಗ್ಲಿಂಗರ ಕೈಯಿಂದ. 1894ರಲ್ಲಿ ಕಿಟೆಲರ ನಿಘಂಟು ಪ್ರಕಟವಾದದ್ದು ಅದೇ ಪರಂಪರೆಯಿಂದ. ದೂರದ ದೇಶದಿಂದ ಬಂದವರು ಮೊದಲು ವಿದ್ಯಾರ್ಥಿಗಳಾಗಿ ಕುಳಿತು ಈ ನೆಲದ ನುಡಿಯನ್ನು ಕಲಿತರು. ಅನಂತರ ಕಲಿಸಲು ಎದ್ದು ನಿಂತರು.

ನಮ್ಮ ಕಥೋಲಿಕ ಧರ್ಮಸಭೆಯ ಚರಿತ್ರೆಯೂ ಇದಕ್ಕಿಂತ ಕಡಿಮೆಯದಲ್ಲ. ಮಾತೆ ವೆರೋನಿಕಾ 1868ರಲ್ಲಿ ಸ್ಥಾಪಿಸಿದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದು ಸಂತ ಆನ್ನರ ಶಾಲೆಯ ಮೂಲಕ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕೈಹಚ್ಚಿದರು. ಹೆಣ್ಣುಮಗಳಿಗೆ ಅಕ್ಷರವೇತಕ್ಕೆ ಎಂದು ಮನೆಮನೆಗಳಲ್ಲಿ ಕೇಳುತ್ತಿದ್ದ ಕಾಲವದು. ಆ ಭಗಿನಿಯರು ಅಂದಿನ ‘ಕಾಲದ ಬೇಡಿಕೆ’ಗೆ ಸ್ಪಂದಿಸಿದ್ದರೆ ಹಡಗಿನಲ್ಲೇ ಹಿಂದಿರುಗಬೇಕಾಗಿತ್ತು! ಅವರು ಹಿಂದಿರುಗಲಿಲ್ಲ. ಅದೇ ಸಭೆ 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜನ್ನೂ ತೆರೆಯಿತು.

ಸಂತ ಅಲೋಶಿಯಸ್ ಸಂಸ್ಥೆಯ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ತಮ್ಮ ಮಕ್ಕಳಿಗೆ ಉನ್ನತ ಶಿಕ್ಷಣದ ಬಾಗಿಲು ತೆರೆಯಬೇಕೆಂದು ಮಂಗಳೂರಿನ ಶ್ರೀಸಾಮಾನ್ಯ ವಿಶ್ವಾಸಿಗಳು ರೋಮಿನವರೆಗೆ ಮನವಿ ಸಲ್ಲಿಸಿದರು. ಇಟಲಿಯಿಂದ ಹೊರಟ ಯೇಸುಸಭೆಯ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರನ್ನು ತಲುಪಿದರು. 1880ರ ಜನವರಿಯಲ್ಲಿ ಪಾಠಗಳು ಆರಂಭವಾದವು. ಗುಡ್ಡದ ಮೇಲಿನ ನಿವೇಶನವನ್ನು ದಾನವಾಗಿ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು ಎಂಬ ಗೃಹಸ್ಥರು. ಅಂದು ಬಿತ್ತಿದ ಬೀಜ ಇಂದು ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದಿರುವ ಹೆಮ್ಮರವಾಗಿದೆ.

ಆದರೆ ಆ ಮರವನ್ನು ಕೊಂಡಾಡುವಾಗ ನಾವು ಇಬ್ಬರನ್ನು ಮರೆಯುತ್ತೇವೆ. ಒಬ್ಬರು ಆ ಮಂಗಳೂರು ಮಿಷನ್ನಿಗೆ ಇಟಲಿಯಿಂದ ಬಂದ ಗುರು ಆಂಜೆಲೊ ಮಫೇಯಿ. ಅವರು ಊರಿನ ಜನರ ಕೊಂಕಣಿಯನ್ನು ಕಲಿತು 1882ರಲ್ಲಿ ಅದರ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಪ್ರಕಟಿಸಿದರು. ಇನ್ನೊಬ್ಬರು ಜರ್ಮನಿಯ ಆಗಸ್ಟಸ್ ಮುಲ್ಲರ್. ಪಾಠ ಹೇಳಲು ಬಂದ ಈ ಗುರು ಬಡರೋಗಿಗಳ ಪಾಡನ್ನು ನೋಡಲಾರದೆ 1880ರಲ್ಲಿ ಔಷಧ ಹಂಚತೊಡಗಿದರು. ಕಂಕನಾಡಿಯ ಆಸ್ಪತ್ರೆ ಮುಂದೆ ಬೆಳೆದದ್ದು ಅದರಿಂದ. ಶಾಲೆಯ ಗೋಡೆಯಾಚೆ ಯಾರು ನಿಂತಿದ್ದಾರೆ ಎಂದು ಕಿಟಕಿಯಿಂದ ನೋಡುವ ಅಭ್ಯಾಸ ಆ ಹಿರಿಯರಿಗಿತ್ತು.

ಇಲ್ಲಿ ಒಬ್ಬ ಜಾಣ ಓದುಗರು ನನ್ನನ್ನು ತಡೆಯಬಹುದು: ‘ಫಾದರ್, ಆ ಯೇಸುಸಭೆಯವರು ಕಲಿಸಿದ್ದು ಇಂಗ್ಲಿಷನ್ನೇ ಅಲ್ಲವೇ? 1858ರಲ್ಲಿ ಬೆಂಗಳೂರಿನಲ್ಲಿ ಸಂತ ಜೋಸೆಫರ ಶಾಲೆ ಆರಂಭಿಸಿದ ಫ್ರೆಂಚ್ ಗುರುಗಳು ಕಲಿಸಿದ್ದೂ ಇಂಗ್ಲಿಷನ್ನೇ ಅಲ್ಲವೇ?’ ಪ್ರಶ್ನೆ ನ್ಯಾಯವಾದದ್ದು. ಹೌದು, ಅವರು ಇಂಗ್ಲಿಷ್ ಕಲಿಸಿದರು. ನಾನು ಇಂಗ್ಲಿಷಿನ ಶತ್ರುವಲ್ಲ. ಅಂದು ನಮ್ಮ ಜನರ ಮುಂದೆ ಮುಚ್ಚಿದ್ದ ಬಾಗಿಲಿಗೆ ಇಂಗ್ಲಿಷ್ ಬೀಗವಿತ್ತು. ಅವರು ಬೀಗದ ಕೈಯನ್ನು ಕೊಟ್ಟರು. ಇಂದು ನಾನು ಕೇಳುವುದು ಇಷ್ಟೇ: ಈಗ ನಮ್ಮ ಆವರಣದಲ್ಲಿ ಬಾಗಿಲು ಮುಚ್ಚಿರುವುದು ಯಾರಿಗೆ? ಬೀಗದ ಕೈ ಯಾರ ಬಳಿ ಇದೆ?

ಈಗ ಪಟ್ಟಣಗಳನ್ನು ಬಿಟ್ಟು ನಮ್ಮ ಹಳ್ಳಿಯ ಧರ್ಮಕೇಂದ್ರಗಳಿಗೆ ಬರೋಣ. ಸ್ವಾತಂತ್ರ್ಯದ ನಂತರದ ಮೂರು ನಾಲ್ಕು ದಶಕಗಳಲ್ಲಿ ನಮ್ಮ ಗ್ರಾಮೀಣ ಪ್ರೌಢಶಾಲೆಗಳು ಹುಟ್ಟಿದವು. ನಾನು ಓದಿದ್ದೂ ಅಂತಹ ಒಂದರಲ್ಲಿ. ಏಳನೆಯ ತರಗತಿ ಮುಗಿಸಿದ ಮಗು ಮುಂದೆ ಓದಬೇಕಾದರೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾಗಿತ್ತು. ಗಂಡುಮಕ್ಕಳು ನೆಂಟರ ಮನೆಯಲ್ಲಿ ಉಳಿದು ಓದಿಯಾರು. ಹೆಣ್ಣುಮಕ್ಕಳ ಓದು ಏಳಕ್ಕೇ ನಿಂತುಹೋಗುತ್ತಿತ್ತು. ಆಗಿನ ಗುರುಗಳು ಭಾನುವಾರದ ಬಲಿಪೂಜೆಯ ನಂತರ ಸಭೆ ಕರೆದರು. ಹೆಂಗಸರು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕಿ ವಾರಕ್ಕೊಮ್ಮೆ ತಂದುಕೊಟ್ಟರು. ಗಂಡಸರು ಕಲ್ಲು ಹೊತ್ತರು, ಮರಳು ಹೊತ್ತರು. ದುಡ್ಡಿಲ್ಲದವರು ವಾರಕ್ಕೊಂದು ದಿನದ ಕೂಲಿ ಬಿಟ್ಟು ಗೋಡೆ ಕಟ್ಟಿದರು. ಕ್ರೈಸ್ತರಲ್ಲದ ನೆರೆಯವರೂ ಬಿದಿರು, ಹೆಂಚು, ಗಾಡಿ ಕೊಟ್ಟರು. ಅವರ ಮಕ್ಕಳೂ ಅದೇ ಬೆಂಚಿನಲ್ಲಿ ನಮ್ಮ ಪಕ್ಕ ಕುಳಿತರು. ಸರ್ಕಾರದ ಅನುದಾನ ಬಂದ ಮೇಲೆ ಶಿಕ್ಷಕರ ಸಂಬಳದ ಚಿಂತೆ ಕಳೆಯಿತು; ಉಚಿತ ಪಠ್ಯಪುಸ್ತಕ ಬಂತು; ಬಹಳ ಕಾಲದ ಮೇಲೆ ಬಿಸಿಯೂಟವೂ ಬಂತು.

ಆ ಶಾಲೆಗಳಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವರು ಇಂದು ಎಲ್ಲೆಲ್ಲಿ ಇದ್ದಾರೆಂದು ನಿಮಗೇ ಗೊತ್ತು. ಶಿಕ್ಷಕರಾದರು, ದಾದಿಯರಾದರು, ಅಧಿಕಾರಿಗಳಾದರು, ವಿದೇಶಗಳಲ್ಲಿ ದುಡಿದು ಊರಿನಲ್ಲಿ ಮನೆ ಕಟ್ಟಿದರು. ಗುರುಗಳೂ ಧರ್ಮಭಗಿನಿಯರೂ ಆದರು. ಈ ಸಾಲುಗಳನ್ನು ಬರೆಯುತ್ತಿರುವ ಕೈಗೆ ಅಕ್ಷರ ಕಲಿಸಿದ್ದು ಕೂಡ ಕನ್ನಡ ಮಾಧ್ಯಮವೇ.

ಹೀಗೆ ಬೆಳೆದ ಶಾಲೆಗೆ ಆಮೇಲೆ ಏನಾಯಿತು? ಅದೇ ಆವರಣದಲ್ಲಿ ಹೊಸ ಬಣ್ಣದ ಕಟ್ಟಡವೊಂದು ಎದ್ದಿತು. ಅದಕ್ಕೆ ಬೇರೆ ಗೇಟು, ಬೇರೆ ಸಮವಸ್ತ್ರ, ಬೇರೆ ಹಳದಿ ಬಸ್ಸು. ಹಳೆಯ ಕಟ್ಟಡದ ಹೆಂಚು ಒಡೆದರೆ ಬದಲಿಸುವವರಿಲ್ಲ. ನಿವೃತ್ತರಾದ ಶಿಕ್ಷಕರ ಹುದ್ದೆಯನ್ನು ತುಂಬಲು ಸರ್ಕಾರದ ಅನುಮತಿ ವರ್ಷಗಟ್ಟಲೆ ಬರಲಿಲ್ಲ. ಬರುವವರೆಗೆ ಗೌರವಧನ ಕೊಟ್ಟು ಒಬ್ಬರನ್ನು ನೇಮಿಸಲು ನಮಗೂ ಮನಸ್ಸಿರಲಿಲ್ಲ. ಗಣಿತಕ್ಕೆ ಶಿಕ್ಷಕರಿಲ್ಲದ ಶಾಲೆಗೆ ಯಾವ ತಂದೆತಾಯಿ ಮಗುವನ್ನು ಕಳಿಸಿಯಾರು? ಮಕ್ಕಳು ಕಡಿಮೆಯಾದರು. ಮಕ್ಕಳು ಕಡಿಮೆಯಾದರೆಂದು ನಾವು ತರಗತಿ ಮುಚ್ಚಿದೆವು. ಗಿಡಕ್ಕೆ ನೀರು ಹಾಕದೆ, ಒಣಗಿತೆಂದು ಕಡಿದು, ಕಡಿದ ಜಾಗದಲ್ಲಿ ವಾಹನ ನಿಲ್ಲಿಸುವ ಏರ್ಪಾಡು ಮಾಡಿದೆವು.

‘ನಾವು’ ಎಂದು ಬರೆದಿದ್ದೇನೆ. ಅದನ್ನು ನಾನು ಸೌಜನ್ಯಕ್ಕಾಗಿ ಬಳಸಿದ ಪದವಲ್ಲ. ಕೆಲವು ವರ್ಷಗಳ ಹಿಂದೆ ಒಂದು ಧರ್ಮಕೇಂದ್ರದಲ್ಲಿ ನಾನು ಶಾಲಾ ಸಂಚಾಲಕನಾಗಿದ್ದೆ. ಎಂಟನೆಯ ತರಗತಿಗೆ ಹತ್ತೊಂಬತ್ತು ಮಕ್ಕಳು ಮಾತ್ರ ಬಂದಿದ್ದರು. ಕನ್ನಡ ವಿಭಾಗಕ್ಕೆ ಆ ವರ್ಷ ದಾಖಲಾತಿ ಬೇಡವೆಂಬ ಕಾಗದಕ್ಕೆ ಸಹಿ ಹಾಕಿದವನು ನಾನೇ. ಮರುದಿನ ಒಬ್ಬ ಕೂಲಿಕಾರ ತಂದೆ ಗುರುಮನೆಯ ಜಗಲಿಗೆ ಬಂದು ನಿಂತರು. ‘ಫಾದರ್, ಈ ಕಟ್ಟಡಕ್ಕೆ ನಮ್ಮಪ್ಪ ಕಲ್ಲು ಹೊತ್ತಿದ್ದರು. ಈಗ ನನ್ನ ಮಗಳು ಎಲ್ಲಿಗೆ ಹೋಗಬೇಕು?’ ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ದಾರಿ ಕೇಳುವವರಂತೆ ಕೇಳಿದರು. ಪೇಟೆಯಲ್ಲಿ ಸರ್ಕಾರಿ ಪ್ರೌಢಶಾಲೆ ಇದೆಯಲ್ಲ, ಬಸ್ಸಿದೆಯಲ್ಲ ಎಂದು ನಾನು ಉತ್ತರ ಕೊಟ್ಟೆ. ನನ್ನ ಉತ್ತರ ಸುಳ್ಳಾಗಿರಲಿಲ್ಲ. ಆದರೆ ಅದು ಕುರುಬನ ಉತ್ತರವಾಗಿರಲಿಲ್ಲ.

ಮರುವರ್ಷ ಮನೆಗಳ ಆಶೀರ್ವಾದಕ್ಕೆ ಹೋದಾಗ ಆ ಮನೆಯ ಹೊಸಿಲನ್ನು ದಾಟಿದೆ. ಹುಡುಗಿ ಮನೆಯಲ್ಲಿರಲಿಲ್ಲ. ಮಳೆಗಾಲದಲ್ಲಿ ಸಂಜೆಯ ಬಸ್ಸು ತಪ್ಪಿ ಎರಡು ಬಾರಿ ಕತ್ತಲಲ್ಲಿ ನಡೆದು ಬಂದಳಂತೆ. ತಾಯಿ ಹೆದರಿ ಶಾಲೆ ಬಿಡಿಸಿದಳಂತೆ. ಈಗ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ ಎಂದರು. ಭಾನುವಾರದ ಬಲಿಪೂಜೆಯಲ್ಲಿ ಮೊದಲನೆಯ ವಾಚನವನ್ನು ತಪ್ಪಿಲ್ಲದೆ, ಅರ್ಥ ತಿಳಿದು ಓದುತ್ತಿದ್ದ ಮಗು ಅವಳು. ಅಂದು ನಾನು ಆ ಮನೆಯನ್ನು ಯಾವ ಬಾಯಿಂದ ಆಶೀರ್ವದಿಸಿದೆನೋ ನನಗೇ ತಿಳಿಯದು. ಈ ಲೇಖನ ಆ ಜಗಲಿಯ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಈಗ ನಮ್ಮ ಸಮರ್ಥನೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು: ‘ತಂದೆತಾಯಿಯರೇ ಇಂಗ್ಲಿಷ್ ಬೇಕೆನ್ನುತ್ತಾರೆ.’ ನಿಜ. ಅವರ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಗುರುಮಠಕ್ಕೆ ಸೇರಿದ ಮೊದಲ ವರ್ಷ ಇಂಗ್ಲಿಷ್ ಉಪನ್ಯಾಸಗಳ ಮುಂದೆ ಬಾಯಿ ಕಟ್ಟಿದವನಂತೆ ಕುಳಿತ ನೆನಪು ನನಗೂ ಇದೆ. ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತದ್ದೂ ಇದೆ. ತಮ್ಮ ಮಕ್ಕಳಿಗೆ ಆ ಅವಮಾನ ಬೇಡವೆಂದು ತಂದೆತಾಯಿಯರು ಬಯಸುವುದು ತಪ್ಪಲ್ಲ. ಸರ್ಕಾರವೇ 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಲು ಮುಂದಾಯಿತು. ಆದರೆ ತಂದೆತಾಯಿಯರು ಕೇಳುತ್ತಿರುವುದು ಇಂಗ್ಲಿಷ್ ಭಾಷೆಯನ್ನು. ಅದನ್ನು ಕನ್ನಡ ಮಾಧ್ಯಮದ ಶಾಲೆಯಲ್ಲೂ ಚೆನ್ನಾಗಿ ಕಲಿಸಬಹುದು. ಎರಡು ವರ್ಷಗಳಲ್ಲಿ ನಾನು ಇಂಗ್ಲಿಷ್ ಕಲಿತದ್ದು ಹೇಗೆ? ವಿಷಯವನ್ನು ಅರ್ಥ ಮಾಡಿಕೊಂಡು ಓದುವ ಅಭ್ಯಾಸ ಕನ್ನಡದಲ್ಲಿ ಗಟ್ಟಿಯಾಗಿದ್ದುದರಿಂದ. ನಮ್ಮ ಕನ್ನಡ ಪ್ರೌಢಶಾಲೆಗೆ ಒಬ್ಬ ಒಳ್ಳೆಯ ಇಂಗ್ಲಿಷ್ ಶಿಕ್ಷಕರನ್ನು ಕೊಡದೆ, ಜನರಿಗೆ ಇಂಗ್ಲಿಷ್ ಬೇಕೆಂದು ಶಾಲೆಯನ್ನೇ ಮುಚ್ಚುವುದು ಯಾವ ನ್ಯಾಯ?

ಎರಡನೆಯದು: ‘ಕಾನೂನು ನಮ್ಮ ಪರವಾಗಿದೆ.’ ಹೌದು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ 6ರಂದು ತೀರ್ಪಿತ್ತಿತು. ಅದೇ ದಿನದ ಮತ್ತೊಂದು ತೀರ್ಪಿನಲ್ಲಿ ಅಲ್ಪಸಂಖ್ಯಾತರ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯಿದೆಯಿಂದ ಹೊರಗಿರಿಸಿತು; 2025ರಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ ಆ ವಿನಾಯಿತಿಯನ್ನು ಪ್ರಶ್ನಿಸಿ ವಿಷಯವನ್ನು ಹೆಚ್ಚಿನ ಪೀಠದ ಮುಂದಿಡಲು ಸೂಚಿಸಿದೆ. ಸಂವಿಧಾನದ 30ನೆಯ ವಿಧಿ ನಮಗಿತ್ತ ಹಕ್ಕು ಅಮೂಲ್ಯವಾದುದು. ಅದಕ್ಕೆ ಕುತ್ತು ಬಂದಾಗ ನಾನೂ ನಿಮ್ಮೊಡನೆ ಬೀದಿಗಿಳಿಯುವೆ. ಆದರೆ ಕಾಯಿದೆ ಬಡವರ ಮಗುವಿಗೆ ಸೀಟು ಕೊಡಿರೆಂದು ನಮ್ಮನ್ನು ಬಲವಂತ ಮಾಡದಿರಬಹುದು. ಶುಭಸಂದೇಶವೂ ನಮಗೆ ವಿನಾಯಿತಿ ನೀಡಿದೆಯೇ? ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ, ಕಥೋಲಿಕ ಶಾಲೆಗಳು ಬಡವರನ್ನೂ ಕುಟುಂಬದ ಆಸರೆ ಇಲ್ಲದವರನ್ನೂ ವಿಶ್ವಾಸದಿಂದ ದೂರವಿರುವವರನ್ನೂ ವಿಶೇಷವಾಗಿ ಲಕ್ಷಿಸಬೇಕೆಂದು ಕೇಳಿಕೊಂಡಿದೆ. ಹಕ್ಕನ್ನು ಕೇಳುವಾಗ ನಾವು ಅಲ್ಪಸಂಖ್ಯಾತರು. ಶುಲ್ಕವನ್ನು ನಿಗದಿ ಮಾಡುವಾಗ ಮಾತ್ರ ನಮಗೆ ಮಾರುಕಟ್ಟೆಯೇ ಗುರು. ಇದು ಹೇಗೆ?

ಮೂರನೆಯದು: ‘ಹಣವಿಲ್ಲ.’ ಸರ್ಕಾರ ಅನುದಾನದ ವಿಷಯದಲ್ಲಿ ಕನ್ನಡ ಶಾಲೆಗಳನ್ನು ಸತಾಯಿಸಿರುವುದು ಸತ್ಯ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳನ್ನು ಅನುದಾನಕ್ಕೆ ಒಳಪಡಿಸಿರೆಂಬ ಕೂಗು ವರ್ಷಗಳಿಂದ ಕೇಳಿಬರುತ್ತಿದೆ. ವೇದಿಕೆಗಳಲ್ಲಿ ಕನ್ನಡದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ಸರ್ಕಾರಗಳು ಕನ್ನಡ ಶಾಲೆಯ ಖಾಲಿ ಹುದ್ದೆಯ ಕಡತಕ್ಕೆ ಸಹಿ ಹಾಕಲು ಹಿಂದೇಟು ಹಾಕಿವೆ. ಅವರ ತಪ್ಪನ್ನು ನಾನು ಮುಚ್ಚುವುದಿಲ್ಲ. ಆದರೆ ಅದೇ ಆವರಣದಲ್ಲಿ ಈಜುಕೊಳಕ್ಕೂ ಕಮಾನಿಗೂ ಹಣ ಹುಟ್ಟಿದಾಗ, ಹಳೆಯ ಕಟ್ಟಡದ ಒಬ್ಬ ಗಣಿತ ಶಿಕ್ಷಕರ ಗೌರವಧನಕ್ಕೆ ಮಾತ್ರ ಹಣ ಏಕೆ ಹುಟ್ಟಲಿಲ್ಲ? ಹಳೆಯ ಕಣಜಗಳನ್ನು ಕೆಡವಿ ದೊಡ್ಡ ಕಣಜ ಕಟ್ಟಲು ಹೊರಟ ಸಾಹುಕಾರನ ಸಾಮತಿಯನ್ನು ನಾವು ಪ್ರವಚನಪೀಠದಿಂದ ಎಷ್ಟು ಬಾರಿ ವಿವರಿಸಿಲ್ಲ!

ಇನ್ನೊಂದು ಮಾತು. 1963ರಲ್ಲಿ ಅದೇ ಮಹಾಸಭೆ ದೈವಾರಾಧನೆಯಲ್ಲಿ ಜನಭಾಷೆಗಳಿಗೆ ಬಾಗಿಲು ತೆರೆಯಿತು. ಲತೀನಿನ ಜಾಗದಲ್ಲಿ ಕನ್ನಡ ಬಲಿಪೀಠವನ್ನೇರಿತು. ಪಂಚಾಶತ್ತಮದ ದಿನ ಪವಿತ್ರಾತ್ಮರು ಇಳಿದುಬಂದಾಗ ಪ್ರತಿಯೊಬ್ಬರೂ ತಂತಮ್ಮ ನುಡಿಯಲ್ಲಿ ದೇವರ ಮಹತ್ಕಾರ್ಯಗಳನ್ನು ಕೇಳಿದರೆಂದು ನಾವು ನಂಬುತ್ತೇವೆ. ಆದರೆ ಬಲಿಪೀಠಕ್ಕೆ ಏರಿಸಿದ ಕನ್ನಡವನ್ನು ಕರಿಹಲಗೆಯಿಂದ ಅಳಿಸಿದವರೂ ನಾವೇ. ಫಲವೇನು? ಇಂದು ನಮ್ಮ ಎಷ್ಟೋ ಯುವಕ ಯುವತಿಯರು ಕನ್ನಡದ ವಾಚನವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ತಂದು ಓದುತ್ತಾರೆ. ಪ್ರವಾದಿ ಯೆಶಾಯನ ಮಾತು ಅವರ ಬಾಯಲ್ಲಿ ತಡವರಿಸುತ್ತದೆ. ಕೇಳುವ ಅಜ್ಜಿಗೆ ಅರ್ಥವಾಗುವುದಿಲ್ಲ, ಓದುವ ಮೊಮ್ಮಗನಿಗೂ ಅರ್ಥವಾಗಿರುವುದಿಲ್ಲ. ಈ ಪತ್ರಿಕೆಯನ್ನು ನಿಮ್ಮ ಮನೆಯಲ್ಲಿ ನೀವು ಓದುತ್ತಿದ್ದೀರಿ. ನಿಮ್ಮ ಮಗ ಓದುತ್ತಾನೆಯೇ?

ಶಿಕ್ಷಕರ ಪಾಲಕರೆಂದು ಹನ್ನೆರಡನೆಯ ಪಿಯೂಸ್ ಜಗದ್ಗುರುಗಳು 1950ರಲ್ಲಿ ಘೋಷಿಸಿದ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಅವರನ್ನು ನೆನೆಯಿರಿ. ಅವರ ಕಾಲದ ಫ್ರಾನ್ಸಿನಲ್ಲಿ ಮಕ್ಕಳಿಗೆ ಮೊದಲು ಓದಲು ಕಲಿಸುತ್ತಿದ್ದುದು ಲತೀನಿನಲ್ಲಿ. ಅದೇ ಅಂದಿನ ಪ್ರತಿಷ್ಠೆಯ ಭಾಷೆ. ಬಡ ಕುಶಲಕರ್ಮಿಗಳ ಮಕ್ಕಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ಕಂಡು ಅವರು ಮನೆಯ ಮಾತಾದ ಫ್ರೆಂಚಿನಲ್ಲೇ ಓದು ಕಲಿಸಿದರು. ಮೂರು ಶತಮಾನಗಳ ಹಿಂದೆ ಆ ಸಂತರಿಗೆ ಹೊಳೆದದ್ದು ನಮಗೇಕೆ ಹೊಳೆಯುತ್ತಿಲ್ಲ?

ಹಾಗಾದರೆ ಮಾಡಬೇಕಾದದ್ದೇನು? ಬರಿಯ ದೂರು ಹೇಳಿ ನಿಲ್ಲಿಸಿದರೆ ಈ ಬರಹಕ್ಕೆ ಬೆಲೆಯಿಲ್ಲ. ನಾಲ್ಕು ಮಾತುಗಳನ್ನು ನಿಮ್ಮ ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಮುಂದಿಡಿ.

ಒಂದು: ಯಾವ ಕನ್ನಡ ತರಗತಿಯನ್ನೂ ಸಂಚಾಲಕರ ಒಂದು ಸಹಿಯಿಂದ ಮುಚ್ಚಬಾರದು. ಧರ್ಮಕೇಂದ್ರದ ಜನರನ್ನು ಕರೆದು, ಲೆಕ್ಕಪತ್ರ ತೆರೆದಿಟ್ಟು, ಆ ಮಕ್ಕಳು ಎಲ್ಲಿಗೆ ಹೋಗುತ್ತಾರೆಂದು ಹೆಸರು ಹಿಡಿದು ಹೇಳಿದ ಮೇಲೆಯೇ ಆ ಮಾತು ಎತ್ತಬೇಕು.

ಎರಡು: ವಿಶ್ವಾಸಿಗಳಿಗೆ ದಶಮಾಂಶದ ಪಾಠ ಹೇಳುವ ನಾವು ಅದನ್ನು ನಮ್ಮ ಸಂಸ್ಥೆಗಳಿಗೂ ಅನ್ವಯಿಸೋಣ. ಆಂಗ್ಲ ಮಾಧ್ಯಮ ಶಾಲೆಯ ಆದಾಯದ ಹತ್ತನೆಯ ಒಂದು ಪಾಲು ಅದೇ ಆವರಣದ ಕನ್ನಡ ಶಾಲೆಗೆ ಸಲ್ಲಲಿ.

ಮೂರು: ಆ ಹಣದಿಂದ ಮೊದಲು ಒಬ್ಬ ಸಮರ್ಥ ಇಂಗ್ಲಿಷ್ ಶಿಕ್ಷಕರನ್ನೂ ಒಬ್ಬ ಗಣಿತ ಶಿಕ್ಷಕರನ್ನೂ ನೇಮಿಸಲಿ, ದೂರದ ಹೆಣ್ಣುಮಕ್ಕಳಿಗೆ ಆ ಹಳದಿ ಬಸ್ಸಿನಲ್ಲಿ ಉಚಿತವಾಗಿ ಜಾಗ ಸಿಗಲಿ. ಬಸ್ಸು ಹೇಗೂ ಅದೇ ರಸ್ತೆಯಲ್ಲಿ ಹೋಗುತ್ತದೆ.

ನಾಲ್ಕು: ಹಳೆಯ ವಿದ್ಯಾರ್ಥಿಗಳೇ, ಮಹೋತ್ಸವದ ದಿನ ಶಾಲು ಹೊದಿಸಿಕೊಂಡು ಹೋಗುವ ಮುನ್ನ ಹಳೆಯ ಕಟ್ಟಡದೊಳಗೆ ಒಮ್ಮೆ ಹೋಗಿ ಬನ್ನಿ. ಸೂರು ಸೋರುತ್ತಿದ್ದರೆ ಸಂಚಾಲಕರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ. ನಿಮ್ಮ ತಾಯಿಯ ಹಿಡಿಯಕ್ಕಿ ಆ ಗೋಡೆಯಲ್ಲಿದೆ.

ಇಷ್ಟು ಮಾಡಿದರೂ ಕೆಲವು ಶಾಲೆಗಳು ಉಳಿಯದಿರಬಹುದು. ಊರಿನಲ್ಲಿ ಮಕ್ಕಳೇ ಇಲ್ಲದ ಕಡೆ ಶಾಲೆಯನ್ನು ಯಾರೂ ಉಳಿಸಲಾರರು. ಅದು ನನಗೂ ತಿಳಿದಿದೆ. ಆದರೆ ಸಾವು ಬೇರೆ, ಆರೈಕೆ ಮಾಡದೆ ಸಾಯಬಿಡುವುದು ಬೇರೆ. ಮೊದಲನೆಯದಕ್ಕೆ ಕಣ್ಣೀರು ಸಾಕು. ಎರಡನೆಯದಕ್ಕೆ ಪಾಪನಿವೇದನೆ ಬೇಕು.

ಮುಂದಿನ ಸ್ಮರಣ ಸಂಚಿಕೆಗೆ ಲೇಖನ ಬರೆಯುವವರಲ್ಲಿ ನನ್ನದೊಂದು ವಿನಂತಿ. ಕಟ್ಟಡಗಳ ಪಟ್ಟಿಯ ಜೊತೆಗೆ ಒಂದು ಪುಟವನ್ನು ಖಾಲಿ ಬಿಡಬೇಡಿ. ಅದರಲ್ಲಿ ಆ ವರ್ಷ ನಮ್ಮ ಗೇಟಿನಿಂದ ಹಿಂದಿರುಗಿದ ಮಕ್ಕಳು ಎಷ್ಟೆಂದು ಬರೆಯಿರಿ. ಪ್ರಭು ಯೇಸು ಒಂದು ಮಗುವನ್ನು ಕರೆದು ಶಿಷ್ಯರ ನಡುವೆ ನಿಲ್ಲಿಸಿದರು. ಆ ಮಗು ಯಾವ ಶಾಲೆಯ ಸಮವಸ್ತ್ರ ತೊಟ್ಟಿದೆಯೆಂದು ಅವರು ನೋಡಲಿಲ್ಲ. ಇಂದು ಅದೇ ಮಗು ನಮ್ಮ ಶಾಲೆಯ ಗೇಟಿನ ಮುಂದೆ ನಿಂತಿದೆ, ಪ್ರಿಯ ಓದುಗರೇ. ಬಾಗಿಲು ತೆರೆಯುವವರು ಯಾರು?